ದೇವರ ಮನೆಯ ವೈಫೈ ಡಬ್ಬಿ

ಸುಮಂಗಲಾ ಐದು ವರ್ಷಗಳಿಂದ ನಮ್ಮ ಮನೆಯ ಹೊರಕಟ್ಟೆಯ ಮೇಲೆ ಕೂರುತ್ತಾ ಬಂದವಳು. ಒಳಗೆ ಕಾಲಿಟ್ಟಿದ್ದು ಒಂದೇ ಸಲ, ಅದೂ ಏಳೆಂಟು ನಿಮಿಷ. ಆ ಒಂದು ಸಲದ ಸಂಗತಿ ಹೇಳಬೇಕೆಂದರೆ ಮೊದಲು ಆಕೆ ಯಾರು, ನಾವು ಎಂಥವರು ಎಂಬುದನ್ನು ಹೇಳಬೇಕಾಗುತ್ತದೆ. ಆಕೆಯ ಬಗ್ಗೆ ಹೇಳುವುದು ಸುಲಭ. ನಮ್ಮ ಬಗ್ಗೆ ಹೇಳುವಾಗ ಬಾಯಿ ಒಣಗುತ್ತದೆ. ಆದರೂ ಹೇಳುತ್ತೇನೆ.

ನಮ್ಮದು ಮಾನ್ವಿ ತಾಲ್ಲೂಕಿನ ಕಲ್ಲೂರು. ನಾನು ಮೌನೇಶ, ಬಸ್‌ಸ್ಟ್ಯಾಂಡಿನ ಎದುರು ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಅಣ್ಣ ಶಿವರಾಜ ರಾಯಚೂರಿನಲ್ಲಿ ರೈಸ್ ಮಿಲ್ಲಿನ ಪಾಲುದಾರ, ಸಂಸಾರವೂ ಅಲ್ಲೇ. ಅವ್ವ ಬಸವಂತಮ್ಮ ನನ್ನ ಜೊತೆ ಇದ್ದಾಳೆ, ಮನೆಯಲ್ಲಿ ನಾವಿಬ್ಬರೇ. ಊರಿಗೆ ಇಂಟರ್ನೆಟ್ ಬರುವುದು ಮಾನ್ವಿಯ ಬಸವಲಿಂಗನ ಆಫೀಸಿನಿಂದ. ಆಫೀಸು ಅಂದರೆ ಒಂದು ಕೋಣೆ, ಎರಡು ಏಣಿ, ಮೂವರು ಕೆಲಸದವರು. ಇಬ್ಬರು ಕಂಬ ಹತ್ತುತ್ತಾರೆ. ಕಂಬದ ತುದಿಗೆ ಹೋದಮೇಲೆ ಏನು ಮಾಡಬೇಕು ಅಂತ ಕೆಳಗೆ ನಿಂತು ಹೇಳುವವಳು ಸುಮಂಗಲಾ. ಮಾನ್ವಿ, ದೇವದುರ್ಗ ಎರಡೂ ತಾಲ್ಲೂಕಿನಲ್ಲಿ ಯಾರ ಮನೆಯ ನೆಟ್ ಕೆಟ್ಟರೂ ಆಕೆಗೇ ಫೋನು. ಬಸವಲಿಂಗನಿಗೆ ಬರುವುದು ಹಾರ ಹಾಕಿಸಿಕೊಳ್ಳುವ ಕೆಲಸವೊಂದೇ.

ಆಕೆ ದೇವದುರ್ಗದ ಹತ್ತಿರದ ಜಾಲಹಳ್ಳಿಯವಳು. ತಂದೆ ರಾಮಲಿಂಗಪ್ಪ ಊರಿನಲ್ಲಿ ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದವನು. ಮಗಳು ರಾಯಚೂರಿನ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಳು. ಮಾನ್ವಿಯಲ್ಲಿ ಬಾಡಿಗೆ ಕೋಣೆ ಹುಡುಕಿದಾಗ ಹನ್ನೆರಡು ಮನೆಯವರು ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ ಕೇಳಬೇಕಾದ್ದನ್ನು ಕೇಳಿ, ನಮ್ಮ ಅಳಿಯ ಬರುವವನಿದ್ದಾನೆ ಅಂತಲೋ ಮತ್ತೇನೋ ಹೇಳಿ ಕಳಿಸಿದರು. ಹದಿಮೂರನೆಯ ಮನೆ ಸಿಕ್ಕಿತು. ಇದನ್ನೆಲ್ಲ ಆಕೆ ಒಂದು ಸಲ ನನಗೆ ಹೇಳಿದ್ದು ಬಸ್ಸು ಎಷ್ಟು ಗಂಟೆಗೆ ಅಂತ ಹೇಳುವ ದನಿಯಲ್ಲಿ.

“ಸಿಟ್ಟು ಬರಂಗಿಲ್ಲೇನವಾ ನಿನಗ?” ಅಂತ ಕೇಳಿದೆ.

“ಬರತಿತ್ರಿ ಅಣ್ಣಾರ. ಕಾಲೇಜಿನ್ಯಾಗ ಇದ್ದಾಗ ಬಾಳ ಬರತಿತ್ತು. ಈಗ ಎಲ್ಲಿ ಹೋಗ್ಯದೋ ಗೊತ್ತಿಲ್ಲ” ಅಂದಳು.

ನಮ್ಮ ಕಡೆಯ ದೊಡ್ಡ ಮನೆಗಳಿಗೆ ಆಕೆ ಬಂದರೆ ಒಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಯಾರೂ ಕೂತು ಮಾಡಿದ ನಿಯಮವಲ್ಲ. ಆಕೆ ಕಟ್ಟೆಯ ಮೇಲೆ ಕೂರುತ್ತಾಳೆ. ಮನೆಯವರು ವೈಫೈ ಡಬ್ಬಿಯನ್ನು ಕಿತ್ತು ಹೊರಗೆ ತಂದು ಕೊಡುತ್ತಾರೆ. ಆಕೆಯ ಚೀಲದಲ್ಲಿ ಇಪ್ಪತ್ತು ಮೀಟರಿನ ಎಕ್ಸ್‌ಟೆನ್ಷನ್ ವೈರಿದೆ. ಅದರ ತುದಿಯನ್ನು ನಾವು ಒಳಗೆ ಚುಚ್ಚುತ್ತೇವೆ, ಆಕೆ ಹೊರಗೆ ರಿಪೇರಿ ಮಾಡುತ್ತಾಳೆ. ಕೆಲಸ ಮುಗಿದ ಮೇಲೆ ಅವ್ವ ಚಹಾ ಕೊಡುತ್ತಾಳೆ, ಪೇಪರ್ ಕಪ್ಪಿನಲ್ಲಿ. ಆ ಕಪ್ಪುಗಳ ಕಟ್ಟು ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಬೇರೆಯೇ ಇರುತ್ತದೆ. ಪಡಸಾಲೆಯಲ್ಲಿ ಬಸವಣ್ಣನವರ ದೊಡ್ಡ ಪಟವಿದೆ, ವರ್ಷಕ್ಕೊಮ್ಮೆ ಬಣ್ಣದ ದೀಪ ಹಾಕುತ್ತೇವೆ. ನಮ್ಮ ನಾಚಿಕೆಗೇಡಿತನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಡಬ್ಬಿಯ ಸಮಸ್ಯೆಯೇ ಬೇರೆ. ಈಚೆಗೆ ಗೂಡು ಮಾಡಿಸಿದ ಮೇಲೆ ಅದನ್ನು ಹೊರಗೆ ತರಲಾಗುವುದಿಲ್ಲ. ಕರೆಂಟು ಹೋದರೂ ದೇವರ ಮುಂದಿನ ಬಲ್ಬು ಆರಬಾರದು ಅಂತ ಅವ್ವ ಇನ್ವರ್ಟರಿನ ಲೈನನ್ನು ದೇವರ ಮನೆಗೆ ಎಳೆಸಿದ್ದಾಳೆ. ಇಡೀ ಮನೆಯಲ್ಲಿ ಕರೆಂಟು ಎಂದೂ ಹೋಗದ ಪ್ಲಗ್ ಅದೊಂದೇ. ಹಾಗಾಗಿ ವೈಫೈ ಡಬ್ಬಿಯೂ ಅಲ್ಲೇ ಸೇರಿತು. ಬಡಿಗ ಅದಕ್ಕೊಂದು ತೇಗದ ಗೂಡು ಮಾಡಿ, ಗೋಡೆಗೆ ಕೂರಿಸಿ, ಸ್ಕ್ರೂ ಹೊಡೆದು, ಮೇಲೆ ಪಾಲಿಶ್ ಬಳಿದು ಹೋದ. ಅವ್ವ ಪೂಜೆ ಮಾಡುವಾಗ ಅದಕ್ಕೂ ವಿಭೂತಿ ಹಚ್ಚುತ್ತಾಳೆ.

ಎರಡು ವರ್ಷದ ಹಿಂದೆ ಓಣಿಯಲ್ಲಿ ಒಬ್ಬರ ಮನೆಯ ದೇವರ ಬೆಳ್ಳಿ ಸಾಮಾನು ಕಳುವಾಯಿತು. ನಮ್ಮಲ್ಲೂ ವೀರಭದ್ರನ ಬೆಳ್ಳಿಯ ಮುಖವಾಡವಿದೆ, ಮುತ್ತಜ್ಜನ ಕಾಲದ್ದು. ಶಿವರಾಜ ಹೆದರಿ ದೇವರ ಮನೆಯಲ್ಲಿ ಕ್ಯಾಮೆರಾ ಹಾಕಿಸಿದ, ರಾಯಚೂರಿನಲ್ಲಿ ಕೂತು ಫೋನಿನಲ್ಲಿ ನೋಡುವಂಥದ್ದು. ಅತ್ತಿತ್ತ ತಿರುಗುತ್ತದೆ, ದನಿಯೂ ಕೇಳಿಸುತ್ತದೆ. ಅವ್ವ ಮೊದಲು ಜಗಳ ತೆಗೆದಳು. ಬೆಳಿಗ್ಗೆ ಆಕೆ ಜಳಕ ಮಾಡಿ, ಕುಪ್ಪಸ ತೊಡದೆ, ಬರೀ ಮಡಿ ಸೀರೆ ಸುತ್ತಿಕೊಂಡು ಪೂಜೆಗೆ ಕೂರುವವಳು. ಆ ಹೊತ್ತಿನಲ್ಲಿ ಮಕ್ಕಳಾದ ನಾವೂ ಆ ಕಡೆ ಸುಳಿಯುವುದಿಲ್ಲ. ಕೊನೆಗೆ ಕ್ಯಾಮೆರಾದ ಮುಖ ಬೆಳ್ಳಿಯ ಕಡೆ, ಬೆನ್ನು ಅವ್ವನ ಕಡೆ ಅಂತ ರಾಜಿಯಾಯಿತು.

ಹೋದ ಶ್ರಾವಣಕ್ಕೆ ಇನ್ನೂ ಹದಿನೈದು ದಿನ ಇತ್ತು. ಒಂದು ಗುರುವಾರ ಡಬ್ಬಿ ತಯಾರಿಸುವ ಕಂಪನಿಯಿಂದ ಬಸವಲಿಂಗನ ಆಫೀಸಿಗೆ ಸಂದೇಶ ಬಂತು. ಈ ಮಾದರಿಯ ಡಬ್ಬಿಯಲ್ಲಿ ದೊಡ್ಡ ತೂತೊಂದು ಸಿಕ್ಕಿದೆ, ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಯಾವ ಮೂಲೆಯಲ್ಲಿ ಕೂತವನಾದರೂ ಒಳಗೆ ನುಗ್ಗಬಹುದು, ನುಗ್ಗಿದವನಿಗೆ ಆ ಮನೆಯ ಫೋನು, ಟಿವಿ, ಕ್ಯಾಮೆರಾ ಎಲ್ಲದರ ದಾರಿಯೂ ತೆರೆಯುತ್ತದೆ, ಹೊಸ ಫೈಲ್ ತುಂಬಿ ತೂತು ಮುಚ್ಚಿ, ಅಲ್ಲಿಯವರೆಗೆ ಬಂದ್ ಮಾಡಿ ಇಡಿ. ಅಂಥ ಡಬ್ಬಿಗಳು ನಾನೂರಕ್ಕೂ ಮೇಲೆ ಇದ್ದವು. ಆಫೀಸಿನಲ್ಲೇ ಕೂತು ಫೈಲ್ ಕಳಿಸಲು ನೋಡಿದರೆ ಹತ್ತರಲ್ಲಿ ನಾಲ್ಕು ಡಬ್ಬಿ ಅಲ್ಲೇ ಸತ್ತವು. ಹಾಗಾಗಿ ಮನೆಮನೆಗೂ ಹೋಗಿ ವೈರು ಚುಚ್ಚಿಯೇ ಮಾಡಬೇಕಾಯಿತು.

ಸುಮಂಗಲಾ ಮೊದಲು ಎಲ್ಲರಿಗೂ ಫೋನು ಮಾಡಿ ಸದ್ಯಕ್ಕೆ ಬಂದ್ ಮಾಡಲು ಹೇಳತೊಡಗಿದಳು. ಆದರೆ ಕಳೆದ ವರ್ಷ ಮೋಸದ ಕರೆಗಳು ಹೆಚ್ಚಾದಾಗ ಬಸವಲಿಂಗ ಆಕೆಯ ದನಿಯಲ್ಲೇ ಒಂದು ಎಚ್ಚರಿಕೆ ರೆಕಾರ್ಡ್ ಮಾಡಿಸಿ ಎಲ್ಲರ ಫೋನಿಗೂ ಬಿಟ್ಟಿದ್ದ. ಯಾರು ಫೋನ್ ಮಾಡಿ ಏನು ಹೇಳಿದರೂ ನಂಬಬೇಡಿ, ನಮ್ಮ ಆಫೀಸಿನವರು ಅಂದರೂ ನಂಬಬೇಡಿ ಅಂತ. ನಮ್ಮ ಜನ ಯಾವುದನ್ನೂ ಕೇಳುವವರಲ್ಲ, ಅದನ್ನು ಮಾತ್ರ ಕೇಳಿಬಿಟ್ಟಿದ್ದರು.

“ನೀನ ಹೇಳೀದಿಯಲ್ಲವಾ, ಆಫೀಸಿನವರು ಅಂದ್ರೂ ನಂಬಬ್ಯಾಡ್ರಿ ಅಂತ. ಇಡು ಫೋನು” ಅಂತ ಬೈದು ಇಟ್ಟವರೇ ಹೆಚ್ಚು.

ಬಸವಲಿಂಗನಿಗೆ ಒಂದು ಉಪಾಯ ಹೊಳೆಯಿತಂತೆ. ಅದನ್ನು ಅವನೇ ಆಮೇಲೆ ನನಗೆ ನಗುತ್ತಾ ಹೇಳಿದ. “ಜಾಲಹಳ್ಳಿ ಕಡೆ ಫೋನಿಗಿಂತ ಡಂಗುರ ನಂಬತಾರವಾ. ನಿಮ್ಮಪ್ಪ ಸಾರತಿದ್ನಲ್ಲ, ಒಂದಿನ ಹಲಗಿ ಹಿಡದು ಓಣ್ಯಾಗ ಅಡ್ಡಾಡಲಿ. ಮಂದಿ ಡಬ್ಬಿ ಹಿಡಕೊಂಡು ಹೊರಗ ಬರತಾರ” ಅಂದನಂತೆ.

“ಹಲಗಿ ಇಲ್ರಿ ಸರ್. ನಾ ಪಾಸಾದ ದಿನ ಅಪ್ಪ ಅದನ್ನ ಒಲಿಗೆ ಹಾಕ್ಯಾನ” ಅಂದಳಂತೆ ಸುಮಂಗಲಾ. ಅಷ್ಟು ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಸ್ಕೂಟಿ ಹತ್ತಿದಳು.

ಶುಕ್ರವಾರ ಬೆಳಿಗ್ಗೆ ಕಲ್ಲೂರಿಗೆ ಬಂದಳು. ಕಟ್ಟೆಯಿಂದ ಕಟ್ಟೆಗೆ ಹೋಗುತ್ತಾ, ಡಬ್ಬಿ ಹೊರಗೆ ತರಿಸುತ್ತಾ, ಮಧ್ಯಾಹ್ನದ ಹೊತ್ತಿಗೆ ಮೂವತ್ತು ಮನೆ ಮುಗಿಸಿ ನಮ್ಮಲ್ಲಿಗೆ ಬಂದಳು. ನಾನು ಊಟಕ್ಕೆ ಬಂದಿದ್ದೆ. ಗೂಡು ಬಿಚ್ಚಲು ಬಡಿಗ ಬೇಕು, ಅವನು ಸಿಂಧನೂರಿಗೆ ಹೋಗಿದ್ದ. ಒಳಗೆ ಹೋಗದೆ ಬೇರೆ ದಾರಿಯಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತಳು.

“ನೀ ಬಾಳ ಶಾಣ್ಯಾಕಿ ಇದ್ದೀಯವಾ, ಖರೆ. ಆದ್ರ ಅದು ದೇವರ ಮನಿ ಅದ. ನಾಳಿ ಬಸವಲಿಂಗನ್ನ ಕಳಸು” ಅಂದಳು.

“ಬಸವಲಿಂಗ ಸರಿಗೆ ಈ ಕೆಲಸ ಬರಂಗಿಲ್ರಿ ಯವ್ವಾ.”

“ಹಂಗಾರ ಬರೋರನ್ನ ಕಳಸು.”

“ಬರಾಕಿ ನಾ ಒಬ್ಬಾಕೇರಿ” ಅಂದಳು ಸುಮಂಗಲಾ. ದನಿಯಲ್ಲಿ ಏನೂ ಇರಲಿಲ್ಲ, ಬೇಡಿಕೆಯೂ ಇಲ್ಲ, ಚುಚ್ಚುವಿಕೆಯೂ ಇಲ್ಲ. ಅವ್ವ ಒಳಗೆ ಸರಿದ ಮೇಲೆ ನನ್ನ ಕಡೆ ತಿರುಗಿದಳು. “ಅಣ್ಣಾರ, ಹಂಗಾದ್ರ ಬಂದ್ ಮಾಡಿ ಬಿಡ್ರಿ. ನಿಮ್ಮ ಮನ್ಯಾಗ ಕ್ಯಾಮೆರಾ ಬ್ಯಾರೆ ಅದ. ಯಾವ ದೇಶದಾಗ ಕುಂತವನಾದ್ರೂ ನಿಮ್ಮ ದೇವರ ಮನಿ ನೋಡಬೌದು. ಈ ತೂತು ಮುಚ್ಚೋತನಕ ಹಚ್ಚಬ್ಯಾಡ್ರಿ.”

ನಾನು ನಲವತ್ತಾರು ವರ್ಷದ ಗಂಡಸು, ನಾಲ್ಕು ಜನಕ್ಕೆ ಬುದ್ಧಿ ಹೇಳುವವನು, ಅವ್ವಾ ಅಕಿನ್ನ ಒಳಗ ಬಿಡು ಅನ್ನಲು ನಾಲಿಗೆ ಏಳಲಿಲ್ಲ. ಒಳಗೆ ಹೋಗಿ ಸ್ವಿಚ್ ಆರಿಸಿ ಬಂದೆ. “ಬಂದ್ ಮಾಡೀನಿ ನೋಡವಾ” ಅಂದೆ. ಆಕೆ ಹೋದಳು.

ಸಂಜೆ ಕ್ರಿಕೆಟ್ ಮ್ಯಾಚಿತ್ತು. ಇಷ್ಟು ವರ್ಷ ಆಗದ್ದು ಎರಡು ದಿನದಲ್ಲಿ ಏನಾದೀತು ಅಂದುಕೊಂಡು ಮತ್ತೆ ಸ್ವಿಚ್ ಹಾಕಿದೆ. ಒಂದಷ್ಟು ಹೊತ್ತಿನಲ್ಲಿ ಸುಮಂಗಲಾಳ ಫೋನು ಬಂತು. ಎತ್ತಲಿಲ್ಲ. ಮತ್ತೆರಡು ಸಲ ಬಂತು, ಎತ್ತಲಿಲ್ಲ. ಮ್ಯಾಚು ಗೆದ್ದೆವು. ಸ್ವಿಚ್ ಆರಿಸುವುದು ಮರೆತೇ ಹೋಯಿತು.

ಭಾನುವಾರ ಶಿವರಾಜನ ಮಗಳು ಕಾವ್ಯಾ ಪರೀಕ್ಷೆ ಮುಗಿಸಿಕೊಂಡು ರಾಯಚೂರಿನಿಂದ ಬಂದಳು. ಸೋಮವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅವ್ವ ಖುಷಿಯಲ್ಲಿದ್ದಳು. ಜೋಳದ ರೊಟ್ಟಿಗೆ ಬೆಣ್ಣೆ ಹಾಕುತ್ತಾ ಹೇಳಿದಳು.

“ಶಿವರಾಜಗ ಈಗ ಬುದ್ಧಿ ಬಂದದ ನೋಡು. ಮೂರು ದಿನ ಆತು, ದಿನಾ ಮುಂಜಾನಿ ನನ್ನ ಪೂಜಿ ನೋಡಾಕತ್ತಾನ.”

“ನೋಡಾಕತ್ತಾನ ಅಂದ್ರ?” ಅಂದೆ.

“ಆ ಕ್ಯಾಮೆರಾ ನನ್ನ ಕಡೆ ಮುಖಾ ತಿರುಗಸ್ತದಪಾ. ನಾ ಎಡಕ್ಕ ಸರದ್ರ ಎಡಕ್ಕ ಬರತದ, ಎದ್ದ ನಿಂತ್ರ ಮ್ಯಾಲ ಏಳತದ. ಮೊದಲನೇ ದಿನ ನಾಚಿಗಿ ಆತು, ಸೆರಗು ಹೊದ್ದಕೊಂಡೆ. ಆಮ್ಯಾಲ, ಮಗನ ಅಲ್ಲೇನು ಅಂದ್ಕೊಂಡೆ. ಈಗ ಮಾತಾಡಸ್ತೀನಿ. ಮಣಕಾಲು ನೋವು ಹೇಳೀನಿ. ಶ್ರಾವಣಕ್ಕಾದ್ರೂ ಬಾರಪಾ ಅಂದೀನಿ.”

ಕಾವ್ಯಾ ನನ್ನ ಮುಖ ನೋಡಿದಳು. ಎದ್ದು ಅಂಗಳಕ್ಕೆ ಹೋಗಿ ತಂದೆಗೆ ಫೋನು ಮಾಡಿದಳು. ಅವ್ವ ಮತ್ತೆ ರೊಟ್ಟಿ ತರಲು ಅಡುಗೆಮನೆಗೆ ಹೋಗಿದ್ದಳು, ನಾನು ಕೂತಲ್ಲಿಂದಲೇ ಕೇಳಿಸಿಕೊಂಡೆ. ಪಪ್ಪಾ, ನೀವು ಮನಿ ಕ್ಯಾಮೆರಾ ನೋಡಾಕತ್ತೀರೇನು ಅಂತ ಕೇಳಿದಳು. ಕಾವ್ಯಾ ಒಳಗೆ ಬಂದು ಬಾಗಿಲ ಬಳಿ ನಿಂತು ಇಲ್ಲ ಅಂತ ತಲೆಯಾಡಿಸಿದಳು. ಶಿವರಾಜ ಎರಡು ತಿಂಗಳ ಹಿಂದೆ ಹೊಸ ಫೋನು ತಗೊಂಡಿದ್ದ, ಅದರಲ್ಲಿ ಆ ಆ್ಯಪನ್ನೇ ಹಾಕಿಕೊಂಡಿರಲಿಲ್ಲ.

ನನ್ನ ಕೈಯಲ್ಲಿ ಅರ್ಧ ರೊಟ್ಟಿ ಇತ್ತು. ಅದನ್ನು ಪೂರ್ತಿ ತಿಂದೆ. ಪಲ್ಯವನ್ನೂ ಬಳಿದು ತಿಂದೆ. ರುಚಿ ಗೊತ್ತಾಗಲಿಲ್ಲ, ಭಯವೂ ಆಗಲಿಲ್ಲ, ಮೈ ಜೋಮು ಹಿಡಿದವರಿಗೆ ಚಿವುಟಿದರೆ ಹೇಗೋ ಹಾಗೆ. ನನ್ನ ಅರವತ್ತೆಂಟು ವರ್ಷದ ಅವ್ವ ಮೂರು ದಿನ ಯಾರಿಗೆ ತನ್ನ ಮಣಕಾಲು ನೋವು ಹೇಳಿಕೊಂಡಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಅದನ್ನು ಎಲ್ಲಿ ಇಟ್ಟಿದ್ದಾನೆ, ಯಾರಿಗೆ ತೋರಿಸಿದ್ದಾನೆ, ಅದೂ ಗೊತ್ತಿಲ್ಲ. ಅವ್ವ ಇನ್ನೊಂದು ರೊಟ್ಟಿ ಹಾಕಲಾ ಅಂದಳು. ಹಾಕು ಅಂದೆ.

ಅವ್ವನಿಗೆ ಯಾರೂ ಹೇಳಲಿಲ್ಲ. ಹೇಳಿದರೆ ಆಕೆ ಮತ್ತೆ ಆ ಕೋಣೆಯಲ್ಲಿ ಕೂರುವುದಿಲ್ಲ, ಊಟವನ್ನೂ ಬಿಡುತ್ತಾಳೆ ಅಂತ ಕಾವ್ಯಾ ಅಂದಳು. ನನಗೂ ಹಾಗೇ ಅನಿಸಿತು. ಕಾವ್ಯಾ ಸುಮ್ಮನೆ ಹೋಗಿ ಸ್ವಿಚ್ ಆರಿಸಿದಳು. ಬೇಕೆಂದರೆ ಕ್ಯಾಮೆರಾವನ್ನೇ ಕಿತ್ತು ಹಾಕಬಹುದಿತ್ತು. ಆದರೆ ಮಗ ನೋಡುತ್ತಾನೆ ಅನ್ನುವುದು ಅವ್ವನಿಗೆ ದಿನದ ಹಿಗ್ಗಾಗಿತ್ತು, ಕಿತ್ತರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು. ನಾನು ಸುಮಂಗಲಾಳಿಗೆ ಫೋನು ಮಾಡಿದೆ. ಬಾಗಲವಾಡದಲ್ಲಿದ್ದಳು. ಒಂದು ತಾಸಿನಲ್ಲಿ ಬಂದು ಎಂದಿನಂತೆ ಕಟ್ಟೆಯ ಮೇಲೆ ಕೂತು ಚೀಲ ಬಿಚ್ಚಿದಳು. ಅವ್ವ ಹಿತ್ತಲಿನಲ್ಲಿದ್ದಳು.

ಅಷ್ಟರಲ್ಲಿ ಶಿವರಾಜನ ಫೋನು ಬಂತು. ಕಾವ್ಯಾ ಸ್ಪೀಕರ್ ಹಾಕಿದಳು. ಅವನು ರಾಯಚೂರಿನಿಂದಲೇ ಕೂಗಾಡುತ್ತಿದ್ದ.

“ಬ್ಯಾರೆ ಯಾರೂ ಅಲ್ಲ, ಇದು ಅಕೀದ ಕೆಲಸ. ಪಾಸ್‌ವರ್ಡ್ ಹಾಕಿದಾಕಿ ಅಕಿ. ಒಳಗ ಬಿಟ್ಟುಕೊಳ್ಳಲಿಲ್ಲ ಅಂತ ಹಗಿ ಇಟ್ಟು ಮಾಡ್ಯಾಳ. ಬಸವಲಿಂಗಗ ಹೇಳೀನಿ, ಸಂಜಿ ಒಳಗ ಅಕಿನ್ನ ಕೆಲಸದಿಂದ ತಗದು ಹಾಕಬೇಕು. ಇಲ್ಲಂದ್ರ ಪೊಲೀಸ್ ಸ್ಟೇಷನ್ನಿಗೆ ಹೋಗತೀನಿ.”

ಸುಮಂಗಲಾ ವೈರಿನ ಗಂಟು ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ. ಆಕೆಯ ಐದು ವರ್ಷದ ಕೆಲಸ, ಹದಿಮೂರನೆಯ ಮನೆಯ ಬಾಡಿಗೆ ಕೋಣೆ, ಆಕೆಯ ಹೆಸರು, ಎಲ್ಲವೂ ಆ ಕ್ಷಣ ನನ್ನ ಬಾಯಿಯಲ್ಲಿತ್ತು. ನಾನು ಬಾಯಿ ತೆರೆದೆ. ಶೌರ್ಯದಿಂದಲ್ಲ, ಕಾವ್ಯಾ ನನ್ನನ್ನೇ ನೋಡುತ್ತಿದ್ದಳು.

“ಅಣ್ಣಾ, ಅಕಿ ಬಂದ್ ಮಾಡಸಿ ಹೋಗಿದ್ಲು. ಮತ್ತ ಹಚ್ಚಿದಾಂವ ನಾನು. ಮ್ಯಾಚ್ ನೋಡಾಕ” ಅಂದೆ.

ಶಿವರಾಜ, “ಆತು, ಈಗಾದ್ರೂ ಸರಿ ಮಾಡಸು. ಬೆಳ್ಳಿ ಅದ ಒಳಗ, ಕ್ಯಾಮೆರಾ ಬಂದ್ ಇಡಬ್ಯಾಡ” ಅಂದು ಇಟ್ಟ. ಬಸವಲಿಂಗನಿಗೆ ಹೇಳಿದ ಮಾತನ್ನು ವಾಪಸ್ ತಗೊಳ್ಳುತ್ತೇನೆ ಅನ್ನಲಿಲ್ಲ. ಅದಕ್ಕೆ ಮತ್ತೆ ನಾನೇ ಬಸವಲಿಂಗನಿಗೆ ಫೋನು ಮಾಡಿ, ತಪ್ಪು ನಮ್ಮದು ಅಂತ ಹೇಳಬೇಕಾಯಿತು.

“ನೀವು ಹಚ್ಚಿದ್ದು ನನಗ ಅವತ್ತ ಸಂಜಿನ ಗೊತ್ತಾತ್ರಿ” ಅಂದಳು ಸುಮಂಗಲಾ. “ಯಾವ ಮನಿ ಡಬ್ಬಿ ನಡದದ ಅಂತ ಆಫೀಸಿನ್ಯಾಗ ಕಾಣಸ್ತದ. ಲೈನ್ ಕತ್ತರಸ್ಲೇನ್ರಿ ಸರ್ ಅಂತ ಬಸವಲಿಂಗ ಸರಿಗೆ ಕೇಳಿದೆ. ದೊಡ್ಡ ಮನಿ ಅದ, ಕತ್ತರಸಬ್ಯಾಡ ಅಂದ್ರು. ನಿಮಗ ಮೂರು ಸಲ ಫೋನ್ ಹಚ್ಚಿದೆ.”

ಹಿತ್ತಲಿನಿಂದ ಅವ್ವ ಬಂದಾಗ ಕಾವ್ಯಾ ಸುಮಂಗಲಾಳ ಕೈ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು. “ಅಜ್ಜಿ, ಅಕ್ಕ ಒಳಗ ಬರತಾಳ. ಇಲ್ಲಂದ್ರ ನಾನೂ ಈಗ ರಾಯಚೂರಿಗೆ ಹೋಗತೀನಿ” ಅಂದಳು. ಅವ್ವ ಮೊಮ್ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಒಳಗ ಬಿಡವ್ವಾ ಅಂದೆ, ಅಷ್ಟೇ. ಅವ್ವ ತುಟಿ ಬಿಗಿದುಕೊಂಡು ಅಡುಗೆಮನೆಗೆ ಸರಿದಳು.

ಸುಮಂಗಲಾ ಚಪ್ಪಲಿ ಬಿಟ್ಟಳು. ಯಾರೂ ಹೇಳದಿದ್ದರೂ ಅಂಗಳದ ನಳದಲ್ಲಿ ಕಾಲು ತೊಳೆದಳು. ದೇವರ ಮನೆಯಲ್ಲಿ ಡಬ್ಬಿಯ ಕೆಳಗೆ ನೆಲದ ಮೇಲೆ ಕೂತು, ಲ್ಯಾಪ್‌ಟಾಪಿನಿಂದ ವೈರೊಂದನ್ನು ಗೂಡಿನೊಳಗೆ ಚುಚ್ಚಿದಳು. ಬೆಳ್ಳಿಯ ಮುಖವಾಡದ ಕಡೆ ಒಮ್ಮೆಯೂ ನೋಡಲಿಲ್ಲ. ಡಬ್ಬಿಯ ಹಿಂದಿನ ಸಣ್ಣ ರಂಧ್ರದಲ್ಲಿ ಅವ್ವ ಹಚ್ಚಿದ ವಿಭೂತಿ ಗಟ್ಟಿಯಾಗಿ ಕೂತಿತ್ತು, ಪಿನ್ನಿನಿಂದ ಅದನ್ನು ಕೆದರಿ ಒಳಗಿನ ಗುಂಡಿ ಒತ್ತಿದಳು. ಡಬ್ಬಿಯ ದೀಪಗಳು ಆರಿದವು, ಒಂದೊಂದಾಗಿ ಹತ್ತಿದವು. ಕ್ಯಾಮೆರಾವನ್ನು ಮತ್ತೆ ಬೆಳ್ಳಿಯ ಕಡೆ ತಿರುಗಿಸಿ, ಹೊಸ ಪಾಸ್‌ವರ್ಡನ್ನು ಕಾವ್ಯಾಳ ಕೈಯಿಂದಲೇ ಹಾಕಿಸಿದಳು. ತಾನು ನೋಡದಂತೆ ಮುಖ ಆ ಕಡೆ ಮಾಡಿ ಕೂತಿದ್ದಳು.

“ಇನ್ನ ಹೊರಗಿನವರು ಯಾರೂ ಬರಾಕ ಆಗಂಗಿಲ್ರಿ” ಅಂದು ಎದ್ದು ಹೊರಗೆ ಹೋದಳು.

ಕಟ್ಟೆಯ ಮೇಲೆ ನಾನೂ ಆಕೆಯ ಪಕ್ಕದಲ್ಲಿ ಕೂತೆ. ಕಾವ್ಯಾ ಆಕೆಯ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಒತ್ತಿ ಕೊಟ್ಟು ತಂದೆಗೆ ಫೋನು ಮಾಡಲು ಓಣಿಗಿಳಿದಳು. ಕ್ಯಾಮೆರಾ ಸರಿಯಾಗಿ ನಡೆಯುತ್ತಿದೆಯೇ ಅಂತ ಸುಮಂಗಲಾ ಲ್ಯಾಪ್‌ಟಾಪಿನಲ್ಲಿ ತೆರೆದಳು. ದೇವರ ಮನೆ ಕಾಣಿಸಿತು. ನಡುವೆ ವೀರಭದ್ರ, ಅವನ ಮುಂದೆ ಖಾಲಿ ನೆಲ.

ಆ ನೆಲಕ್ಕೆ ಅವ್ವ ಬಂದಳು. ಕೈಯಲ್ಲಿ ಬಕೀಟು, ಅರಿವೆ. ಮಣಕಾಲು ಮಡಚಲಾರದವಳು ಗೋಡೆ ಹಿಡಿದು ನಿಧಾನಕ್ಕೆ ಕೂತು, ಸುಮಂಗಲಾ ಕೂತಿದ್ದ ಜಾಗಕ್ಕೆ ನೀರು ಸುರಿದು ತಿಕ್ಕತೊಡಗಿದಳು. ನಾನು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದೆ. ಸುಮಂಗಲಾ ಒಂದು ನಿಮಿಷ ತಡೀರಿ ಅನ್ನುವಂತೆ ಬೆರಳೆತ್ತಿ ಏನೋ ಒತ್ತಿದಳು, ಕ್ಯಾಮೆರಾ ಅವ್ವನ ಕಡೆ ತಿರುಗಿತು. ಅವ್ವ ತಲೆ ಎತ್ತಿ ಕ್ಯಾಮೆರಾದ ಕಡೆ ನೋಡಿ ನಕ್ಕಳು.

“ಶಿವರಾಜಾ, ನೋಡಾಕತ್ತೀ ಏನಪಾ? ಇವರು ನನ್ನ ಮಾತು ಕೇಳಲಿಲ್ಲ, ಅಕಿನ್ನ ಒಳಗ ಕರಕೊಂಡು ಬಂದ್ರು. ನೀ ಚಿಂತಿ ಮಾಡಬ್ಯಾಡ. ಅಕಿ ಕುಂತ ಜಾಗಾ ಎಲ್ಲಾ ತೊಳಿಯಾಕತ್ತೀನಿ.”

ಸುಮಂಗಲಾ ಪರದೆ ನೋಡುತ್ತಿದ್ದಳು. ದಿನಕ್ಕೆ ಮೂವತ್ತು ಮನೆಯ ಪರದೆಯನ್ನು ನೋಡುವ ಹಾಗೆಯೇ ನೋಡುತ್ತಿದ್ದಳು.

“ದನಿನೂ ಸ್ವಚ್ಛ ಬರಾಕತ್ತದ್ರಿ ಅಣ್ಣಾರ” ಅಂದಳು.